ತಂಪು ಕೋಣೆ ಒಂದೇ, ಹಕ್ಕುದಾರರು ಮೂವರು: ನವನಗರದ ಒಂದು ಬೆಕ್ಕು–ಚಿಂಚಿಲಾ ಪ್ರಕರಣ

ಬಾಗಲಕೋಟೆ ನವನಗರದ ಮನೆ. ಕೆಳಗೆ ಪಡಸಾಲೆ, ಅಡುಗೆಮನೆ, ಹಿರಿಯರ ಕೋಣೆ. ಮೇಲೆ ಎರಡು ಕೋಣೆ, ಅವುಗಳ ನೆತ್ತಿಯ ಮೇಲೆ ದಿನವಿಡೀ ಬಿಸಿಲು ಕುಡಿಯುವ ಆರ್‌ಸಿಸಿ ಮಾಳಿಗೆ. ಮನೆಯಲ್ಲಿ ಅಜ್ಜಿ, ತಂದೆ, ತಾಯಿ, ಮಗಳು. ಮೂರು ವರ್ಷದ ನಾಟಿ ಗಂಡು ಬೆಕ್ಕು ಮೊದಲಿನಿಂದಲೂ ಇತ್ತು: 4.3 ಕೆ.ಜಿ. ತೂಕ, ಬೀಜ ತೆಗೆಸಿರಲಿಲ್ಲ, ಹಗಲು ಮನೆಯೊಳಗೆ, ರಾತ್ರಿ ಓಣಿಯಲ್ಲಿ. ಮಗಳು ಪುಣೆಯಲ್ಲಿ ನೌಕರಿಯಲ್ಲಿದ್ದಾಗ ಸಾಕಿದ ಎರಡು ವರ್ಷದ ಹೆಣ್ಣು ಚಿಂಚಿಲಾ (ಇಲಿ, ಗಿನಿಯಿಲಿಗಳ ಗುಂಪಿಗೆ ಸೇರಿದ, ದಟ್ಟ ಕೂದಲಿನ ಸಣ್ಣ ಪ್ರಾಣಿ) ಜನವರಿಯಲ್ಲಿ ಈ ಮನೆಗೆ ಬಂತು. ಆಗ ಅದರ ತೂಕ 560 ಗ್ರಾಂ. ಏಸಿ ಇದ್ದದ್ದು ಮೇಲಿನ ಒಂದು ಕೋಣೆಯಲ್ಲಿ ಮಾತ್ರ.

ಬೆಕ್ಕು ಮತ್ತು ಚಿಂಚಿಲಾ ಒಂದೇ ಮನೆಯಲ್ಲಿರಬಹುದೇ ಎಂದು ಕೇಳುವವರು ಸಾಮಾನ್ಯವಾಗಿ ಪಂಜರದ ಬಗ್ಗೆ ಕೇಳುತ್ತಾರೆ, ಬೆಕ್ಕಿನ ಸ್ವಭಾವದ ಬಗ್ಗೆ ಕೇಳುತ್ತಾರೆ. ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ಮೊದಲು ಕೇಳಬೇಕಾದದ್ದು ಬೇರೆ: ಮನೆಯಲ್ಲಿ ತಂಪು ಜಾಗ ಎಷ್ಟಿವೆ? ಒಂದೇ ಇದ್ದರೆ ಚಿಂಚಿಲಾ ಅಲ್ಲೇ ಇರಬೇಕಾಗುತ್ತದೆ, ಬೆಕ್ಕೂ ಅಲ್ಲಿಗೇ ಬರುತ್ತದೆ, ಮಧ್ಯಾಹ್ನ ಮಲಗಲು ಮನುಷ್ಯರೂ ಅಲ್ಲಿಗೇ ಹೋಗುತ್ತಾರೆ. ಬಾಗಿಲು ದಿನಕ್ಕೆ ಹತ್ತಾರು ಸಲ ತೆರೆಯುತ್ತದೆ. ಈ ಮನೆಯಲ್ಲಿ ಆದದ್ದೆಲ್ಲ ಇದರ ಸುತ್ತಲೇ ಆಗಿದೆ.

ಹೋಳಿಯ ದಿನ

ಚಳಿಗಾಲದಲ್ಲಿ ಏಸಿಯ ಅಗತ್ಯವಿಲ್ಲ ಎಂದುಕೊಂಡು ಪಂಜರವನ್ನು ಪಡಸಾಲೆಯ ಮೂಲೆಯಲ್ಲಿ, ಎರಡಡಿ ಎತ್ತರದ ಸ್ಟೂಲಿನ ಮೇಲೆ ಇಟ್ಟಿದ್ದರು. ಪಕ್ಕದಲ್ಲಿ ಶೋಕೇಸ್. ಪಂಜರ ಅಂಗಡಿಯಲ್ಲಿ ಸಿಗುವ ಮಾಮೂಲಿಯದು: ಪ್ಲಾಸ್ಟಿಕ್ ತಳ, ಸರಳುಗಳ ನಡುವೆ 25 ಮಿ.ಮೀ. ಅಂತರ, ಮೇಲಕ್ಕೆ ಎಳೆದರೆ ತೆರೆದುಕೊಳ್ಳುವ ಬಾಗಿಲು. ವಯಸ್ಕ ಚಿಂಚಿಲಾ ಹೊರಬಾರದಿರಲು ಆ ಅಂತರ ಸಾಕು. ಬೆಕ್ಕಿನ ಕಾಲು ಒಳಹೋಗಲೂ ಅದು ಧಾರಾಳ ಸಾಕು, ಅದನ್ನು ಅಂಗಡಿಯವರು ಹೇಳುವುದಿಲ್ಲ.

ಎರಡು ತಿಂಗಳು ಬೆಕ್ಕು ಪಂಜರದೆದುರು ಕೂತು ನೋಡುತ್ತಿತ್ತು. "ಏನೂ ಮಾಡಂಗಿಲ್ರಿ ಅದು, ಬರೀ ನೋಡ್ಕೋತ ಕುಂದರ್ತೈತಿ" ಎನ್ನುವುದು ಮನೆಯವರ ಸಮಾಧಾನವಾಗಿತ್ತು. ನೋಡುತ್ತ ಕೂರುವುದು ಬೇಟೆಯ ಮೊದಲ ಹಂತ. ಬೆಕ್ಕು ಬೇಟೆಗೆ ಬೇಸತ್ತಿದ್ದರೆ ಮುಖ ತಿರುಗಿಸಿ ಮಲಗುತ್ತದೆ. ಕಣ್ಣುಪಾಪೆ ಹಿಗ್ಗಿ, ಬಾಲದ ತುದಿ ಮಾತ್ರ ಅಲುಗುತ್ತ, ಮುಂಗಾಲು ಮಡಚಿ ಕೂತಿದ್ದರೆ ಅದು ಕಾಯುತ್ತಿದೆ.

ಬಾಗಲಕೋಟೆಯ ಹೋಳಿ ಗೊತ್ತಿದ್ದವರಿಗೆ ಆ ದಿನಗಳ ಹಲಗಿ ಸಪ್ಪಳ, ಬಣ್ಣದ ಬಂಡಿಗಳು, ಮನೆತುಂಬ ನೆಂಟರು ಏನೆಂದು ಹೇಳಬೇಕಿಲ್ಲ. ಹಲಗಿಗೆ ಹೆದರಿ ಕಾಂಪೌಂಡಿನಿಂದ ಓಡಿಬಂದ ಬೆಕ್ಕು ಶೋಕೇಸ್ ಹತ್ತಿ, ಅಲ್ಲಿಂದ ಪಂಜರದ ಮೇಲೆ ಹಾರಿತು. ಪಂಜರ ಗೋಡೆಗೆ ವಾಲಿತು. ಒಳಗಿನ ಪ್ರಾಣಿ ಗಾಬರಿಯಿಂದ ಸರಳಿಗೆ ಒತ್ತಿಕೊಂಡಾಗ ಬೆಕ್ಕಿನ ಬಲಗಾಲು ಮೊಣಕೈವರೆಗೆ ಒಳಗಿತ್ತು. ಯಾರೋ ಬಂದು ಬೆಕ್ಕನ್ನು ಎತ್ತುವ ಹೊತ್ತಿಗೆ ಚಿಂಚಿಲಾದ ತೊಡೆಯ ಮೇಲೆ ಅಂಗೈಯಗಲ ಕೂದಲು ಕಿತ್ತುಬಂದು ಪಂಜರದ ತಳದಲ್ಲಿ ಹತ್ತಿಯಂತೆ ಬಿದ್ದಿತ್ತು.

ಕೂದಲು ಹಾಗೆ ಒಮ್ಮೆಲೇ ಉದುರುವುದು ಚಿಂಚಿಲಾದ ರಕ್ಷಣೆಯ ಉಪಾಯ. ಹಿಡಿದವನ ಬಾಯಲ್ಲಿ ಕೂದಲು ಉಳಿಯುತ್ತದೆ, ಪ್ರಾಣಿ ಪಾರಾಗುತ್ತದೆ. ಕೆಳಗಿನ ಚರ್ಮ ನುಣ್ಣಗೆ, ಸ್ವಚ್ಛವಾಗಿ ಕಾಣುತ್ತಿತ್ತು. ರಕ್ತ ಇರಲಿಲ್ಲ. "ಕೂದಲಾ ಹೋಗ್ಯಾವ, ಜೀವಕ್ಕೇನೂ ಆಗಿಲ್ಲ" ಎಂದು ಮನೆಯವರು ಬಿಟ್ಟರು.

ಮಗಳಿಗೆ ಇದ್ದ ಒಂದು ಒಳ್ಳೆಯ ರೂಢಿ ಇಲ್ಲಿ ಜೀವ ಉಳಿಸಿತು. ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ಸ್ಟೀಲ್ ಡಬ್ಬಿ ಇಟ್ಟು, ಅದರಲ್ಲಿ ಚಿಂಚಿಲಾವನ್ನು ಕೂರಿಸಿ ತೂಕ ಬರೆದಿಡುತ್ತಿದ್ದಳು. ಘಟನೆಯ ಹಿಂದಿನ ದಿನ 560. ಆಮೇಲೆ 548, 531, 514. ನಾಲ್ಕೇ ದಿನದಲ್ಲಿ ಎಂಟು ಪ್ರತಿಶತ ಇಳಿಕೆ. ಹಿಕ್ಕೆ ಅಕ್ಕಿಕಾಳಿನಷ್ಟು ಸಣ್ಣದಾಗಿ, ಒಣಗಿ, ತುದಿ ಚೂಪಾಗಿತ್ತು. ಹುಲ್ಲು ಹಾಕಿದ್ದು ಹಾಗೇ ಉಳಿಯುತ್ತಿತ್ತು. ಚಿಂಚಿಲಾದ ಕರುಳು ಸದಾ ನಡೆಯುತ್ತಿರಬೇಕು; ನೋವು ಅಥವಾ ಭಯದಿಂದ ತಿನ್ನುವುದು ನಿಂತರೆ ಕರುಳೂ ನಿಲ್ಲುತ್ತದೆ, ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ, ಆಮೇಲೆ ಹಿಂತಿರುಗಿಸುವುದು ಕಷ್ಟ. ತೂಕ ಐದು ಪ್ರತಿಶತ ಇಳಿದಾಗಲೇ ವೈದ್ಯರ ಬಳಿ ಹೋಗಬೇಕಿತ್ತು.

ವೈದ್ಯರು ಟಾರ್ಚ್ ಹಿಡಿದು, ಉಳಿದ ಕೂದಲನ್ನು ಊದಿ ಸರಿಸಿ ನೋಡಿದಾಗ ಬೋಳಾದ ಜಾಗದಿಂದ ಎರಡು ಸೆಂ.ಮೀ. ದೂರದಲ್ಲಿ ಸೂಜಿಮೊನೆಯಷ್ಟು ಒಂದು ತೂತು, ಅದರ ಸುತ್ತ ಬಾವು. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಸಾಮಾನ್ಯ. ಕಾಲು ನೆಕ್ಕುವುದರಿಂದ ಉಗುರಿಗೂ ಹತ್ತುತ್ತದೆ. ಸಣ್ಣ ಪ್ರಾಣಿಗಳಲ್ಲಿ ಅದು ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಸಾಯಿಸಬಹುದು. ಚಿಂಚಿಲಾದ ಒಂದೊಂದು ರೋಮರಂಧ್ರದಿಂದ ಹತ್ತಾರು ಎಳೆ ಬೆಳೆಯುತ್ತವೆ, ಆ ದಟ್ಟಣೆಯಲ್ಲಿ ಇಂಥ ಗಾಯ ಬರಿಗಣ್ಣಿಗೆ ಸಿಗುವುದೇ ಇಲ್ಲ. ಆದ್ದರಿಂದ ಬೆಕ್ಕು ಮುಟ್ಟಿದೆ ಎಂದು ಗೊತ್ತಾದರೆ ರಕ್ತ ಇದೆಯೋ ಇಲ್ಲವೋ ಎಂದು ಹುಡುಕುತ್ತ ಕೂರದೆ ಅದೇ ದಿನ ತೋರಿಸಬೇಕು.

ಇಲ್ಲಿ ಇನ್ನೊಂದು ಅಪಾಯ ಕೂದಲೆಳೆಯಲ್ಲಿ ತಪ್ಪಿತು. ಹಿಂದೊಮ್ಮೆ ಬೆಕ್ಕಿನ ಗಾಯಕ್ಕೆ ತಂದ ಅಮಾಕ್ಸಿಸಿಲಿನ್ ಸಿರಪ್ ಮನೆಯಲ್ಲಿತ್ತು, ತಾಯಿ ಅದನ್ನೇ ಎರಡು ಹನಿ ಹಾಕಲು ಹೊರಟಿದ್ದರು. ಚಿಂಚಿಲಾ, ಮೊಲ, ಗಿನಿಯಿಲಿಗಳಿಗೆ ಬಾಯಿಯ ಮೂಲಕ ಪೆನಿಸಿಲಿನ್ ಗುಂಪಿನ ಔಷಧ (ಅಮಾಕ್ಸಿಸಿಲಿನ್, ಆಂಪಿಸಿಲಿನ್), ಕ್ಲಿಂಡಮೈಸಿನ್, ಲಿಂಕೊಮೈಸಿನ್, ಎರಿಥ್ರೊಮೈಸಿನ್ ಕೊಡಬಾರದು. ಹುಲ್ಲು ಕೊಳೆಸಿ ಅರಗಿಸುವ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಇವು ಕೊಂದು, ಕ್ಲಾಸ್ಟ್ರೀಡಿಯಂ ಎಂಬ ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯಲು ಬಿಡುತ್ತವೆ. ಭೇದಿಯಾಗಿ ಪ್ರಾಣಿ ಸಾಯುತ್ತದೆ. ನಮ್ಮ ಜಿಲ್ಲೆಗಳ ಪಶುವೈದ್ಯರು ದಿನವಿಡೀ ನೋಡುವುದು ಎಮ್ಮೆ, ಕುರಿ, ನಾಯಿ. ಹೀಗಾಗಿ ಈ ಔಷಧಗಳ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಪಂಜರಕ್ಕೆ ಕಟ್ಟಿಡುವುದು, ಹೋದಾಗ ವಿನಯದಿಂದ ತೋರಿಸುವುದು ಮಾಲೀಕರ ಕೆಲಸ. ಈ ವೈದ್ಯರು ಪುಣೆಯ ಸಣ್ಣಪ್ರಾಣಿ ವೈದ್ಯರೊಬ್ಬರಿಗೆ ಫೋನ್ ಹಚ್ಚಿ ಮಾತಾಡಿ ಸೋಂಕಿಗೆ ಎನ್ರೋಫ್ಲಾಕ್ಸಸಿನ್ ಮತ್ತು ನೋವಿಗೆ ಮೆಲಾಕ್ಸಿಕ್ಯಾಂ ಕೊಟ್ಟರು. ಪ್ರಮಾಣ ತೂಕದ ಮೇಲೆ ವೈದ್ಯರೇ ನಿರ್ಧರಿಸಬೇಕಾದ್ದು, ಇಲ್ಲಿ ಬರೆಯುವುದಿಲ್ಲ.

ಉಣಿಸುವುದು ಮನೆಯವರ ಪಾಲಿಗೆ ಬಂತು. ದಿನದ ಪೆಲೆಟ್ (ಒತ್ತಿ ಮಾಡಿದ ಆಹಾರದ ಗುಳಿಗೆ) ಅನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ಉಗುರುಬೆಚ್ಚಗಿನ ನೀರಿನಲ್ಲಿ ತೆಳು ಗಂಜಿಯಾಗಿ ಕಲಸಿ, ಸೂಜಿ ತೆಗೆದ 1 ಮಿ.ಲೀ. ಸಿರಿಂಜಿನಿಂದ ಮುಂದಿನ ಹಲ್ಲುಗಳ ಹಿಂದಿನ ಖಾಲಿ ಜಾಗದಲ್ಲಿ ಪಕ್ಕದಿಂದ ಕೊಡುವುದು. ಒಮ್ಮೆಗೆ ಅರ್ಧ ಮಿ.ಲೀ. ಮೀರಬಾರದು, ಅಗಿದು ನುಂಗಿದ ಮೇಲೆ ಮುಂದಿನದು. ಅವಸರಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ದಿನಕ್ಕೆ ಐದು ಸಲ, ಸಲಕ್ಕೆ 5ರಿಂದ 6 ಮಿ.ಲೀ. ನಾಲ್ಕನೆಯ ದಿನ ತಾನೇ ಹುಲ್ಲಿಗೆ ಬಾಯಿ ಹಾಕಿತು. ಮೂರು ವಾರದಲ್ಲಿ 550ಕ್ಕೆ ಬಂತು, ತೊಡೆಯ ಕೂದಲು ತುಂಬಲು ಮೂರು ತಿಂಗಳು ಹಿಡಿಯಿತು.

ಬೇಸಿಗೆ ತಂದ ಎರಡನೆಯ ಸಮಸ್ಯೆ

ಚಿಂಚಿಲಾ ಚಿಲಿ ದೇಶದ ಆಂಡಿಸ್ ಬೆಟ್ಟಗಳದ್ದು. ಇಂದು ಸಾಕುವ ಚಿಂಚಿಲಾಗಳಲ್ಲಿ ಹೆಚ್ಚಿನವು ಮಥಾಯಸ್ ಚಾಪ್‌ಮನ್ ಎಂಬ ಗಣಿ ಎಂಜಿನಿಯರ್ 1923ರಲ್ಲಿ ಕ್ಯಾಲಿಫೋರ್ನಿಯಾಗೆ ತಂದ 11 ಪ್ರಾಣಿಗಳ ಸಂತತಿ. ಬಿಸಿಗೆ ಒಗ್ಗಲೆಂದು ಅವನ್ನು ಬೆಟ್ಟದಿಂದ ಹಂತಹಂತವಾಗಿ ಕೆಳಗಿಳಿಸಿದ್ದ. ಅಷ್ಟು ತಲೆಮಾರು ಕಳೆದರೂ ಅದರ ಮೈ ಬದಲಾಗಿಲ್ಲ. ಬೆವರುವುದಿಲ್ಲ, ಶಾಖ ಹೊರಹೋಗುವುದು ಬಹುಪಾಲು ಕಿವಿಯಿಂದ. ಅದಕ್ಕೆ ಹಿತವಾದ ಉಷ್ಣತೆ 10ರಿಂದ 20 ಡಿಗ್ರಿ. 25 ದಾಟಿದರೆ ತೊಂದರೆ, 30ರ ಹತ್ತಿರ ಜೀವಾಪಾಯ. ತೇವ ಹೆಚ್ಚಿದ್ದರೆ ಅದಕ್ಕೂ ಮೊದಲೇ. ಸಾಕುವವರು ಬಳಸುವ ಒರಟು ಲೆಕ್ಕವೊಂದಿದೆ: ಫ್ಯಾರನ್‌ಹೀಟ್ ಉಷ್ಣತೆಗೆ ತೇವಾಂಶದ ಪ್ರತಿಶತ ಕೂಡಿಸಿದರೆ 150 ಮೀರಬಾರದು. 28 ಡಿಗ್ರಿ ಸೆಲ್ಸಿಯಸ್ ಎಂದರೆ 82 ಫ್ಯಾರನ್‌ಹೀಟ್. ತೇವ 70 ಇದ್ದರೆ 152, ಅಂದರೆ ಅಪಾಯ.

ಆ ಲೆಕ್ಕದಲ್ಲೇ ನಮ್ಮ ಕಡೆಯ ಕೂಲರ್ ಏಕೆ ಉಪಯೋಗವಿಲ್ಲ ಎನ್ನುವುದೂ ಅಡಗಿದೆ. ಕೂಲರ್ ಉಷ್ಣತೆ ಇಳಿಸುವುದು ಗಾಳಿಗೆ ನೀರು ಸೇರಿಸಿ. ಮನುಷ್ಯನಿಗೆ, ಬೆಕ್ಕಿಗೆ ಅದು ಹಾಯೆನಿಸುತ್ತದೆ. ಚಿಂಚಿಲಾದ ದಟ್ಟ ಕೂದಲು ಆ ತೇವ ಹಿಡಿದಿಟ್ಟುಕೊಂಡು ಬುಡದಲ್ಲಿ ಶಿಲೀಂಧ್ರ ಬೆಳೆಸುತ್ತದೆ. ಫ್ಯಾನೂ ಅಷ್ಟೇ, ಬೆವರದ ಪ್ರಾಣಿಗೆ ಬಿಸಿಗಾಳಿ ಬೀಸಿ ಏನೂ ಲಾಭವಿಲ್ಲ. ಏಸಿಗೆ ಬದಲಿ ಇಲ್ಲ. ಏಸಿ ಇಡೀ ಬೇಸಿಗೆ ನಡೆಸಲಾಗದ ಮನೆ ಈ ಜಿಲ್ಲೆಗಳಲ್ಲಿ ಚಿಂಚಿಲಾ ತರಲೇಬಾರದು. ಇದರಲ್ಲಿ ರಾಜಿಗೆ ಜಾಗವಿಲ್ಲ.

ಪಂಜರ ಮೇಲಿನ ಕೋಣೆಗೆ ಹೋಯಿತು. ಏಪ್ರಿಲ್‌ನ ಮಧ್ಯಾಹ್ನ ಮೂರಕ್ಕೆ ಏಸಿ ಇಲ್ಲದೆ ಅಲ್ಲಿ 38 ಡಿಗ್ರಿ. ಏಸಿ 21ಕ್ಕೆ ಇಟ್ಟಾಗ ಪಂಜರದ ಎತ್ತರದಲ್ಲಿ 22ರಿಂದ 23, ತೇವ 45ರ ಆಸುಪಾಸು. ಚಿಂಚಿಲಾಗೆ ಸರಿಹೋಯಿತು. ಬೆಕ್ಕಿನ ವಿಷಯ ಅಲ್ಲಿಂದ ಶುರು.

ಹತ್ತು ಗಂಟೆಯಾಗುತ್ತಲೇ ಬೆಕ್ಕು ಮೇಲಿನ ಬಾಗಿಲಿಗೆ ಹೋಗಿ ಹೊಸ್ತಿಲುದ್ದಕ್ಕೂ ಮೈಚಾಚಿ ಮಲಗುತ್ತಿತ್ತು. ಬಾಗಿಲ ಕೆಳಗೆ ಎರಡು ಸೆಂ.ಮೀ. ಸಂದು, ಮನೆಯಲ್ಲೆಲ್ಲ ತಣ್ಣನೆ ಗಾಳಿ ಬರುವುದು ಅಲ್ಲಿಂದಲೇ. ಆ ಗಾಳಿಯ ಜೊತೆ ಚಿಂಚಿಲಾದ ವಾಸನೆಯೂ ಬರುತ್ತಿತ್ತು. ಮುಂಗಾಲನ್ನು ಮಣಿಕಟ್ಟಿನವರೆಗೆ ಸಂದಿಯೊಳಗೆ ತೂರಿಸಿ, ಒಳಗೆ ಬಿದ್ದ ಹುಲ್ಲುಕಡ್ಡಿಯನ್ನು ಉಗುರಿನಿಂದ ಎಳೆಯುತ್ತಿತ್ತು. ಪಂಜರ ಬಾಗಿಲಿಗೆ ನೇರ ಎದುರಿತ್ತು. ಚಿಂಚಿಲಾ ಸಂಜೆಯ ಹೊತ್ತು ಬೊಗಳಿದಂತೆ ಕೂಗತೊಡಗಿತು, ಹಿಂಗಾಲ ಮೇಲೆ ನಿಂತು ಬಾಗಿಲಿನತ್ತ ಉಚ್ಚೆ ಚಿಮ್ಮಿಸಿತು. ಹೆಣ್ಣು ಚಿಂಚಿಲಾ ಶತ್ರುವನ್ನು ಓಡಿಸುವುದೇ ಹೀಗೆ. ತೂಕ ಮತ್ತೆ 538ಕ್ಕೆ ಇಳಿಯಿತು. ಬೆಕ್ಕು ಒಳಗೆ ಬಂದೇ ಇರಲಿಲ್ಲ. ಆದರೂ ಚಿಂಚಿಲಾದ ಮಟ್ಟಿಗೆ ಶತ್ರು ದಿನವಿಡೀ ಮನೆಬಾಗಿಲಲ್ಲಿ ಕೂತಂತಾಗಿತ್ತು.

ಒಂದು ಮಧ್ಯಾಹ್ನ ಅಜ್ಜಿ ಮಲಗಲೆಂದು ಆ ಕೋಣೆಗೆ ಹೋದರು, ಕಾಲ ಸಂದಿಯಲ್ಲಿ ಬೆಕ್ಕು ನುಸುಳಿ ಮಂಚದ ಕೆಳಗೆ ಸೇರಿತು. ಚಿಂಚಿಲಾ ಹಲ್ಲು ಕಟಕಟಿಸುವ ಸಪ್ಪಳ ಕೇಳಿ ಮೊಮ್ಮಗಳು ಓಡಿಬಂದಾಗ ಬೆಕ್ಕು ಪಂಜರದಿಂದ ಎರಡಡಿಯಲ್ಲಿ ಹೊಂಚಿತ್ತು. "ನಾ ಏನ್ ಮಾಡ್ಲಿ ತಂಗಿ, ಬ್ಯಾಸಗ್ಯಾಗ ತಂಪ ಕ್ವಾಣಿ ಅದೊಂದ ಐತಿ" ಎಂದರು ಅಜ್ಜಿ. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಎಚ್ಚರದಿಂದಿರಿ ಎಂದು ಮನೆಮಂದಿಗೆ ಹೇಳಿದರೆ ಮುಗಿಯುವ ಸಮಸ್ಯೆ ಇದಲ್ಲ, ಎಪ್ಪತ್ತು ದಾಟಿದವರು ನಲವತ್ತು ಡಿಗ್ರಿಯಲ್ಲಿ ಬೇರೆಲ್ಲಿಗೆ ಹೋಗಬೇಕು?

ಏನೇನು ಬದಲಾಯಿತು

ಮೊದಲ ಕೆಲಸ ಕೆಳಗಿನ ಪಡಸಾಲೆಯಲ್ಲಿ ಇನ್ನೊಂದು ತಂಪು ಜಾಗ. ಕೂಲರ್ ಅನ್ನು ಮೇಲಿನಿಂದ ಇಳಿಸಿ ಪೂರ್ವದ ಕಿಟಕಿಗೆ ಕೂರಿಸಿದರು, ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿಟ್ಟರು. ಗಾಳಿ ಹೊರಹೋಗಲು ದಾರಿ ಇಲ್ಲದಿದ್ದರೆ ಕೂಲರ್ ಬರೀ ಕುದಿ ಹಿಡಿಸುತ್ತದೆ. ಅದರ ಗಾಳಿ ಬೀಳುವಲ್ಲಿ ಪರಸಿಯ ಮೇಲೆ ಬೆಕ್ಕಿಗೆ ಒಂದು ತಟ್ಟು, ಪಕ್ಕದಲ್ಲಿ ಮಣ್ಣಿನ ಬಟ್ಟಲಲ್ಲಿ ನೀರು, ಆಚೆ ಅಜ್ಜಿಯ ಮಂಚ. ಬೆಕ್ಕು ಒಂದು ವಾರದಲ್ಲಿ ಮೇಲಿನ ಹೊಸ್ತಿಲು ಬಿಟ್ಟಿತು. ಪಂಜರಕ್ಕೆ ಮಾಡಿದ ಖರ್ಚೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದು ಎಂದರೆ ಅತಿಶಯವಲ್ಲ.

ಎರಡನೆಯದು ಜೋಡಿ ಬಾಗಿಲು. ಮೇಲಿನ ಕೋಣೆಗೂ ಮೆಟ್ಟಿಲಿಗೂ ನಡುವೆ ನಾಲ್ಕಡಿ ಓಣಿಯಂಥ ಜಾಗವಿತ್ತು. ಮೆಟ್ಟಿಲ ತುದಿಯಲ್ಲಿ ಅಲ್ಯುಮಿನಿಯಂ ಸೆಕ್ಷನ್ನಿನ ಜಾಲರಿ ಬಾಗಿಲು ಕೂರಿಸಿದರು. ಸೊಳ್ಳೆಪರದೆಯ ಫೈಬರ್ ಜಾಲರಿ ಬೆಕ್ಕಿನ ಉಗುರಿಗೆ ಎರಡು ದಿನವೂ ತಾಳುವುದಿಲ್ಲ. ಕೆಳಗಿನ ನಾಲ್ಕಡಿಗೆ ಅರ್ಧ ಇಂಚಿನ ವೆಲ್ಡ್ ಮೆಶ್, ಮೇಲಿನದಕ್ಕೆ ಸ್ಟೀಲ್ ಜಾಲರಿ, ಮತ್ತು ಚೌಕಟ್ಟು ಸೂರಿನವರೆಗೆ. ಅರ್ಧಕ್ಕೆ ನಿಲ್ಲಿಸಿದರೆ ಬೆಕ್ಕು ಹಾರಿ ದಾಟುತ್ತದೆ. ಎರಡೂ ಬಾಗಿಲಿಗೆ ತಾನೇ ಮುಚ್ಚಿಕೊಳ್ಳುವ ಕ್ಲೋಸರ್ ಇದೆ. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ಕೋಣೆಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆದಿದ್ದರಿಂದ ಏಸಿಗೂ ಅನುಕೂಲವಾಯಿತು. ಏಸಿ ಪೈಪ್ ಹೊರಹೋಗುವ ತೂತನ್ನೂ ಮೆಶ್ ಇಟ್ಟು ಮುಚ್ಚಿದರು.

ಪಂಜರ ಹೊಸದಾಯಿತು: ಅಗಲ ಮೂರಡಿ, ಆಳ ಎರಡಡಿ, ಎತ್ತರ ಐದಡಿ, ಸರಳುಗಳ ಅಂತರ 12 ಮಿ.ಮೀ. ಇಷ್ಟೇ ಸಾಲದು. ಚಿಂಚಿಲಾ ಸರಳು ಹಿಡಿದು ನಿಲ್ಲುತ್ತದೆ, ಅದರ ಬೆರಳು, ಮೀಸೆ ಹೊರಚಾಚುತ್ತವೆ. ಬೆಕ್ಕಿನ ಉಗುರು ತುದಿ ಸಿಕ್ಕರೆ ಬೆರಳೇ ಹೋಗುತ್ತದೆ. ಅದಕ್ಕಾಗಿ ಪಂಜರದ ಹೊರಗೆ 6 ಸೆಂ.ಮೀ. ದೂರದಲ್ಲಿ ಚೌಕಟ್ಟು ಕಟ್ಟಿ ಅರ್ಧ ಇಂಚಿನ ವೆಲ್ಡ್ ಮೆಶ್ ಹೊದಿಸಿದರು. ಬೆಕ್ಕಿನ ಪಂಜ ಹೊರಜಾಲರಿಯಲ್ಲೇ ನಿಲ್ಲುತ್ತದೆ, ಚಿಂಚಿಲಾದ ಬೆರಳು ಒಳಸರಳಿನ ಆಚೆ ಬಂದರೂ ಸಿಗುವುದಿಲ್ಲ. ಜಾಲರಿ ದೂರವಿರುವುದರಿಂದ ಇನ್ನೊಂದು ಲಾಭ: ಸತುವಿನ ಲೇಪದ ತಂತಿಯನ್ನು ಚಿಂಚಿಲಾ ಕಡಿಯಲಾಗದು. ಸತು ಹೊಟ್ಟೆಗೆ ಹೋದರೆ ವಿಷ. ವೆಲ್ಡಿಂಗ್ ಮಾಡುವವರು ಸಹಜವಾಗಿ ಮೆಶ್ ಅನ್ನು ಪಂಜರದ ಸರಳಿಗೇ ಬಿಗಿಯುತ್ತೇವೆ, ಖರ್ಚು ಕಡಿಮೆ ಎನ್ನುತ್ತಾರೆ. ಒಪ್ಪಬೇಡಿ.

ತಳ ಪ್ಲಾಸ್ಟಿಕ್ ಬಿಟ್ಟು ತಗಡಿನ ಟ್ರೇ. ಒಳಗಿನ ಹಲಗೆಗಳು ಬರೀ ಪೈನ್. ಪ್ಲೈವುಡ್, ಎಂಡಿಎಫ್‌ಗಳ ಅಂಟು ಹೊಟ್ಟೆಗೆ ಹೋಗುತ್ತದೆ. ಪೈನ್ ಹಲಗೆಯನ್ನು ಯಂತ್ರ ಬಂದ ಪೆಟ್ಟಿಗೆಗಳಿಂದ ಬಿಚ್ಚಿ ತಂದರೆ ಮುದ್ರೆ ನೋಡಿ. "ಎಚ್‌ಟಿ" ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು. "ಎಂಬಿ" ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅದನ್ನು ತರಬೇಡಿ. ಎಚ್‌ಟಿ ಇದ್ದರೂ ಎಣ್ಣೆಯ ಕಲೆ ಇದ್ದ ಹಲಗೆ ಬೇಡ. ಹಲಗೆಗಳ ನಡುವೆ ಎತ್ತರದ ಅಂತರ ಒಂದಡಿ ಮೀರದಂತೆ ಅಡ್ಡಾದಿಡ್ಡಿ ಜೋಡಿಸಿದರೆ ಬಿದ್ದರೂ ಪೆಟ್ಟಾಗುವುದಿಲ್ಲ.

ಬಾಗಿಲಿಗೆ ಮೇಲೊಂದು ಕೆಳಗೊಂದು ಕೊಂಡಿ, ಎರಡಕ್ಕೂ ತಿರುಪಿನ ಕ್ಯಾರಬೀನರ್ (ತಿರುಪು ಬಿಗಿದು ಮುಚ್ಚುವ ಲೋಹದ ಬಳೆ). ಜಾರುವ ಚಿಲಕವನ್ನು ಬೆಕ್ಕು ಮೂಗಿನಿಂದಲೇ ಎತ್ತುತ್ತದೆ. ಪಂಜರದ ಬೆನ್ನಿಗೆ ಎರಡು ಎಲ್-ಕ್ಲಾಂಪ್ ಕೊಟ್ಟು 8 ಮಿ.ಮೀ. ಆ್ಯಂಕರ್ ಬೋಲ್ಟಿನಿಂದ ಗೋಡೆಗೆ ಬಿಗಿದರು. ನಾಲ್ಕು ಕೆ.ಜಿ. ಬೆಕ್ಕು ಕಪಾಟಿನಿಂದ ಹಾರಿದಾಗಿನ ಹೊಡೆತ ನಾಲ್ಕು ಕೆ.ಜಿ.ಗಿಂತ ಎಷ್ಟೋ ಹೆಚ್ಚಿರುತ್ತದೆ. ಮೇಲ್ಭಾಗಕ್ಕೆ ಇಳಿಜಾರಾಗಿ ಒಂದು ಹಲಗೆ, ಕೂರಲು ಆಗದಂತೆ. ಸುತ್ತ ನಾಲ್ಕಡಿಯೊಳಗೆ ಕಪಾಟು, ಟೇಬಲ್, ಕಿಟಕಿಕಟ್ಟೆ ಇರಬಾರದು. ಪಂಜರವನ್ನು ಬಾಗಿಲಿಗೆ ಕಾಣದ ಮೂಲೆಗೆ ಸರಿಸಿ, ಎರಡು ಬದಿ ಹತ್ತಿಬಟ್ಟೆಯಿಂದ ಮುಚ್ಚಿದರು. ಒಳಗೆ ಮರದ ಗೂಡು ಒಂದು, ಹೆದರಿದಾಗ ಸೇರಿಕೊಳ್ಳಲು.

ಇಳಕಲ್ ಹತ್ತಿರವೇ ಇದ್ದುದರಿಂದ ಚಿಂಚಿಲಾ ಮೈ ತಂಪು ಮಾಡಿಕೊಳ್ಳಲು ಕಲ್ಲು ಸುಲಭವಾಗಿ ಸಿಕ್ಕಿತು. ಕೆಂಪು ಗ್ರಾನೈಟಿನ ಕತ್ತರಿಸಿ ಉಳಿದ ತುಂಡು, 30×20 ಸೆಂ.ಮೀ., 2 ಸೆಂ.ಮೀ. ದಪ್ಪ, ಅಂಚು ಉಜ್ಜಿ ನುಣುಪು ಮಾಡಿಸಿದ್ದು. ಚಿಂಚಿಲಾ ಅದರ ಮೇಲೆ ಹೊಟ್ಟೆಯೂರಿ ಮಲಗುತ್ತದೆ. ಕಲ್ಲು ಮೂರು ಕೆ.ಜಿ. ದಾಟುತ್ತದೆ, ತಳದಲ್ಲೇ ಇಡಬೇಕು; ಹಲಗೆಯ ಮೇಲಿಟ್ಟರೆ ಜಾರಿ ಪ್ರಾಣಿಯ ಮೇಲೆ ಬಿದ್ದೀತು.

ಮೇ ತಿಂಗಳ ಸಂಜೆ ಗಾಳಿಮಳೆಗೆ ಕರೆಂಟ್ ಹೋಗುತ್ತದೆ, ಮನೆಯ ಇನ್ವರ್ಟರ್ ಏಸಿ ಎಳೆಯುವುದಿಲ್ಲ. ಅದಕ್ಕೆ ಫ್ರೀಜರಿನಲ್ಲಿ ಒಂದು ಲೀಟರಿನ ನಾಲ್ಕು ಬಾಟಲಿ ಸದಾ ಗಟ್ಟಿಯಾಗಿ ಇರುತ್ತವೆ. ಕರೆಂಟ್ ಹೋದರೆ ಎರಡನ್ನು ಟವಲಿನಲ್ಲಿ ಸುತ್ತಿ ಪಂಜರದ ಹೊರಗೆ, ಹೊರಜಾಲರಿಗೆ ತಾಗಿಸಿ ನಿಲ್ಲಿಸುವುದು. ಒಳಗಿಟ್ಟರೆ ಪ್ಲಾಸ್ಟಿಕ್ ಕಡಿದು ಮೈ ತೋಯಿಸಿಕೊಳ್ಳುತ್ತದೆ. ಕೋಣೆ 26 ದಾಟಿದರೆ ಚಿಂಚಿಲಾವನ್ನು ಮುಚ್ಚಳದ ಕ್ಯಾರಿಯರಿನಲ್ಲಿ (ಪ್ರಾಣಿ ಸಾಗಿಸುವ ಸಣ್ಣ ಪೆಟ್ಟಿಗೆ) ಹಾಕಿ ಕೆಳಗಿನ ಹಿರಿಯರ ಕೋಣೆಗೆ ಒಯ್ಯುತ್ತಾರೆ, ಅದಕ್ಕೂ ಮೊದಲು ಬೆಕ್ಕನ್ನು ಅಡುಗೆಮನೆಯಲ್ಲಿ ಕೂಡಿಹಾಕಿ. ಈ ಅನುಕ್ರಮ ತಪ್ಪಬಾರದು. ಕತ್ತಲಲ್ಲಿ, ಅವಸರದಲ್ಲಿ, ಕೈಯಲ್ಲಿ ಸಣ್ಣ ಕ್ಯಾರಿಯರ್ ಹಿಡಿದು ಮೆಟ್ಟಿಲಿಳಿಯುವ ಹೊತ್ತು ಬೆಕ್ಕಿಗೆ ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಕಿವಿ ಕೆಂಪಗಾಗಿ, ಬಾಯಿ ತೆರೆದು ಉಸಿರಾಡುತ್ತ, ಜೊಲ್ಲು ಸುರಿಸುತ್ತ ಪಕ್ಕಕ್ಕೆ ಬಿದ್ದಿದ್ದರೆ ಬಿಸಿ ತಗುಲಿದೆ. ಕಿವಿಗೆ, ಅಂಗಾಲಿಗೆ ತಣ್ಣೀರಿನ ಬಟ್ಟೆ ಒತ್ತುತ್ತ ವೈದ್ಯರ ಬಳಿ ಹೊರಡಬೇಕು. ಮಂಜುನೀರಿನಲ್ಲಿ ಮುಳುಗಿಸಬಾರದು.

ಬೆಕ್ಕಿನ ಕಡೆಯ ಕೆಲಸ

ಬೆಕ್ಕಿಗೆ ಬೀಜ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿಸಿದರು. ಇದರಿಂದ ಬೇಟೆಯ ಬುದ್ಧಿ ಹೋಗುವುದಿಲ್ಲ, ಆದರೆ ಓಣಿ ಸುತ್ತುವುದು, ಗೋಡೆಗೆ ಉಚ್ಚೆ ಸಿಡಿಸುವುದು ತಗ್ಗುತ್ತದೆ. ಎರಡೂ ಪ್ರಾಣಿ ಚುರುಕಾಗುವ ಹೊತ್ತು ಒಂದೇ, ಮುಸ್ಸಂಜೆ ಮತ್ತು ನಸುಕು. ಹಾಗಾಗಿ ಸಂಜೆ ಆರರ ಸುಮಾರಿಗೆ ಕೋಲಿಗೆ ದಾರ, ಗರಿ ಕಟ್ಟಿ ಹದಿನೈದು ನಿಮಿಷ ಏದುಸಿರು ಬರುವಂತೆ ಬೆಕ್ಕನ್ನು ಓಡಿಸುತ್ತಾರೆ, ಕೊನೆಗೆ ಗರಿ ಅದರ ಕೈಗೆ ಸಿಗಲು ಬಿಟ್ಟು, ಕೂಡಲೇ ಊಟ ಹಾಕುತ್ತಾರೆ. ಓಡು, ಹಿಡಿ, ತಿನ್ನು, ಮಲಗು: ಈ ಸರಣಿ ಮುಗಿದರೆ ಅದು ಮೆಟ್ಟಿಲ ಹತ್ತಿರ ಸುಳಿಯುವುದಿಲ್ಲ. ಲೇಸರ್ ಚುಕ್ಕೆಯಿಂದ ಆಡಿಸುವುದು ಇಲ್ಲಿ ಕೆಟ್ಟ ಆಯ್ಕೆ, ಹಿಡಿಯಲು ಏನೂ ಸಿಗದೆ ಬೆಕ್ಕು ಇನ್ನಷ್ಟು ಕೆರಳುತ್ತದೆ.

ಇಬ್ಬರಿಗೂ ಗೆಳೆತನ ಮಾಡಿಸೋಣ ಎಂಬ ಆಸೆ ಮನೆಯವರಿಗೂ ಇತ್ತು. ಬೆಕ್ಕು ಚಿಂಚಿಲಾದ ಮೈ ನೆಕ್ಕುವ ವಿಡಿಯೊಗಳು ಎಲ್ಲರ ಫೋನಿನಲ್ಲೂ ಬರುತ್ತವೆ. ಆ ನೆಕ್ಕುವ ನಾಲಗೆಯ ಜೊಲ್ಲಿನಲ್ಲಿ ಮೇಲೆ ಹೇಳಿದ ಪಾಶ್ಚುರೆಲ್ಲಾ ಇದೆ. ಬೆಕ್ಕಿಗೆ ಚಿಂಚಿಲಾದಲ್ಲಿ ಆಸಕ್ತಿ ಹೋಗಬೇಕು, ಅಷ್ಟೇ ಗುರಿ. ಅದಕ್ಕೆ ವಾಸನೆ ಸಾಕು. ಗೂಡಿನಲ್ಲಿದ್ದ ಬಟ್ಟೆಯನ್ನು ಬೆಕ್ಕಿನ ಊಟದ ತಟ್ಟೆಯಿಂದ ಒಂದು ಗಜ ದೂರ ಇಟ್ಟು, ದಿನೇ ದಿನೇ ಹತ್ತಿರ ತಂದರು. ಬೆಕ್ಕಿನ ಹಾಸಿಗೆಯ ಬಟ್ಟೆಯನ್ನು ಚಿಂಚಿಲಾದ ಹತ್ತಿರ ಒಯ್ಯಲಿಲ್ಲ. ಬೇಟೆಯಾಗುವ ಪ್ರಾಣಿಗೆ ಬೇಟೆಗಾರನ ವಾಸನೆಯ ಅಭ್ಯಾಸ ಮಾಡಿಸುವುದರಲ್ಲಿ ಲಾಭ ಕಾಣುವುದಿಲ್ಲ.

ಚಿಂಚಿಲಾ ದಿನಕ್ಕೆ ಮುಕ್ಕಾಲು ಗಂಟೆ ಪಂಜರದ ಹೊರಗೆ ಜಿಗಿದಾಡುತ್ತದೆ. ಅದಕ್ಕೆ ಮನೆಯಲ್ಲಿ ಒಂದೇ ಪ್ರಶ್ನೆ: "ಬೆಕ್ಕ ಎಲ್ಲೈತಿ?" ಬೆಕ್ಕನ್ನು ಕಣ್ಣಾರೆ ಕಂಡು, ಕೆಳಗಿನ ಕೋಣೆಯಲ್ಲಿ ಕೂಡಿ ಅಗಳಿ ಹಾಕಿದವರೇ ಉತ್ತರ ಹೇಳಬೇಕು. "ಹೊರಗ ಹೋಗಿರ್ಬೇಕು" ಎಂದರೆ ಪಂಜರ ತೆರೆಯುವಂತಿಲ್ಲ.

ಕಣ್ಣಿಗೆ ಬೀಳದವು

ಹುಲ್ಲಿನ ಚೀಲ ಮೆಟ್ಟಿಲ ಕೆಳಗಿತ್ತು, ಬೆಕ್ಕು ಅದರ ಮೇಲೆ ಮಲಗುವ ಗುಂಡಿ ಮಾಡಿಕೊಂಡಿತ್ತು. ಓಣಿಗೆ ಹೋಗುವ ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಇರಬಹುದು, ಮೈಯಲ್ಲಿ ಚಿಗಟ, ಗಜಕರ್ಣ ಇರಬಹುದು. ಆ ಚೀಲ ಎಸೆದು ಹೊಸ ಹುಲ್ಲನ್ನು ತಗಡಿನ ಟ್ರಂಕಿನಲ್ಲಿಟ್ಟರು. ಟಾಕ್ಸೊಪ್ಲಾಸ್ಮಾದ ಮೊಟ್ಟೆ ಹೊರಬಿದ್ದ ಮೇಲೆ ಸೋಂಕು ಹಚ್ಚುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು, ಆದ್ದರಿಂದ ಬೆಕ್ಕಿನ ಲಿಟರ್ ಟ್ರೇ (ಕಕ್ಕಸಿನ ಮಣ್ಣು ಹಾಕಿದ ತಟ್ಟೆ) ದಿನವೂ ಸ್ವಚ್ಛ ಮಾಡಿದರೆ ಅಪಾಯ ಬಹಳ ತಗ್ಗುತ್ತದೆ. ಬೆಕ್ಕನ್ನು ಮುಟ್ಟಿದ ಕೈ ಸಾಬೂನಿನಿಂದ ತೊಳೆದೇ ಮೇಲೆ ಹೋಗುವುದು. ಚಿಗಟಕ್ಕೆ ಬೆಕ್ಕಿನ ಕತ್ತಿಗೆ ಹಾಕುವ ಫಿಪ್ರೋನಿಲ್ ಹನಿಯನ್ನು ಚಿಂಚಿಲಾಗೆ ಹಾಕಬಾರದು. ನಾಯಿಗೆ ಹಾಕುವ ಪರ್ಮೆಥ್ರಿನ್ ಹನಿ ಬೆಕ್ಕಿಗೇ ವಿಷ.

ಚಿಂಚಿಲಾ ನೀರಿನಲ್ಲಿ ಮೀಯುವುದಿಲ್ಲ, ಅತಿ ನಯವಾದ ವಿಶೇಷ ಧೂಳಿನಲ್ಲಿ ಹೊರಳುತ್ತದೆ: ವಾರಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ. ಆ ಡಬ್ಬಿಯನ್ನು ತೆರೆದಿಟ್ಟ ದಿನ ಬೆಕ್ಕು ಅದನ್ನು ತನ್ನ ಕಕ್ಕಸು ಎಂದುಕೊಂಡು ಕೆಲಸ ಮುಗಿಸಿತ್ತು. ಈಗ ಮುಚ್ಚಳದ ಡಬ್ಬಿ. ಹೊಳೆಯ ಉಸುಕು, ಟಾಲ್ಕಂ ಪೌಡರ್, ಗಟ್ಟಿಯಾಗುವ ಬೆಂಟೊನೈಟ್ ಲಿಟರ್, ಮೂರೂ ಧೂಳಿಗೆ ಬದಲಿಯಲ್ಲ.

ಊರಿನ ಬಂಧುಗಳು ಜೋಳದ ಕಣಕಿ ತಂದುಕೊಡುತ್ತೇವೆ ಎಂದರು. ಒಣಕಣಕಿ ಒರಟು, ಸತ್ವ ಕಡಿಮೆ. ಎಳೆ ಹಸಿಜೋಳದಲ್ಲಿ ದನಗಳನ್ನೇ ಕೊಲ್ಲುವ ಸಯನೈಡ್ ಅಂಶ ಇರುವುದು ರೈತರಿಗೆಲ್ಲ ಗೊತ್ತು. ಟಿಮೊಥಿ ಹುಲ್ಲು ಆನ್‌ಲೈನಿನಲ್ಲಿ ತರಿಸುವುದೇ ದಾರಿ, ದಿನಕ್ಕೆ ಪೆಲೆಟ್ ಒಂದೆರಡು ದೊಡ್ಡ ಚಮಚ. ಶೇಂಗಾ, ಕುಸುಬಿ ಬೇಡವೇ ಬೇಡ. ಬೆಕ್ಕಿನ ಆಹಾರದ ಕಾಳು ಚಿಂಚಿಲಾದ ಓಡಾಟದ ಜಾಗದಲ್ಲಿ ಬಿದ್ದಿರಬಾರದು, ಆ ಕೊಬ್ಬು ಅದರ ಕರುಳಿಗೆ ಆಗದು.

ಕಾಗದಪತ್ರದ ಮಾತೂ ಒಂದಿದೆ. ಕಾಡು ಚಿಂಚಿಲಾ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಸಾಕುತಳಿಗೆ ಅದರಿಂದ ವಿನಾಯಿತಿ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ವಿದೇಶಿ ಪ್ರಾಣಿಗಳ ನೋಂದಣಿ ಬಿಗಿಯಾಗಿದೆ. ಸಾಕಣೆಯಲ್ಲೇ ಹುಟ್ಟಿದ್ದು ಎಂದು ತೋರಿಸುವ ಬಿಲ್ ಮಗಳ ಬಳಿ ಇತ್ತು. ಬಿಲ್ ಇಲ್ಲದೆ ಕೊಡುವವರಿಂದ ಕೊಳ್ಳಬೇಡಿ, ಅರಣ್ಯ ಇಲಾಖೆಯಲ್ಲಿ ಒಮ್ಮೆ ವಿಚಾರಿಸಿ.

ಆರು ತಿಂಗಳ ಬಳಿಕ

ಸೆಪ್ಟೆಂಬರಿನಲ್ಲಿ ಚಿಂಚಿಲಾ 572 ಗ್ರಾಂ. ಸಂಜೆಯ ಬೊಗಳಿಕೆ ನಿಂತಿದೆ, ಹಿಕ್ಕೆ ದಪ್ಪವಾಗಿದೆ. ಬೆಕ್ಕು ಮಧ್ಯಾಹ್ನ ಅಜ್ಜಿಯ ಮಂಚದ ಕೆಳಗೆ ಮಲಗುತ್ತದೆ. ಜಾಲರಿ ಬಾಗಿಲ ಹತ್ತಿರ ಅದು ಈಗಲೂ ಕೆಲವೊಮ್ಮೆ ಹೋಗುತ್ತದೆ, ಮೂಸಿ ವಾಪಸಾಗುತ್ತದೆ. ಒಂದು ಸಲ ಜಾಲರಿ ಬಾಗಿಲು ಪೂರ್ತಿ ಮುಚ್ಚದೆ ಬೆಕ್ಕು ನಡುವಿನ ಓಣಿಯಲ್ಲಿ ಸಿಕ್ಕಿತ್ತು; ಎರಡನೆಯ ಬಾಗಿಲು ಇದ್ದುದಕ್ಕೆ ಅಲ್ಲಿಗೇ ಮುಗಿಯಿತು. ಮಳೆಗಾಲದಲ್ಲಿ ತೇವಕ್ಕೆ ಕೋಣೆಬಾಗಿಲ ಮರ ಉಬ್ಬಿ ಕ್ಲೋಸರ್ ಸೋಲುತ್ತದೆ, ಬಡಗಿಯನ್ನು ಕರೆಸಿ ಅಂಚು ಕೆತ್ತಿಸಬೇಕಾಯಿತು.

ಬಗೆಹರಿಯದೆ ಉಳಿದದ್ದು ಮನೆಮಂದಿಯೆಲ್ಲ ಊರಿಗೆ ಹೋಗುವ ದಿನಗಳು. ಪಕ್ಕದ ಮನೆಯವರು ಬೆಕ್ಕಿಗೆ ಅನ್ನ ಹಾಕುತ್ತಾರೆ, ಆದರೆ ಮೇಲಿನ ಕೋಣೆಯ ಉಷ್ಣತೆ ನೋಡಿ, ಕರೆಂಟ್ ಹೋದರೆ ಬಾಟಲಿ ಇಟ್ಟು, ಬೆಕ್ಕನ್ನು ಕೂಡಿಹಾಕಿ ಕ್ಯಾರಿಯರ್ ಇಳಿಸುವ ಕೆಲಸ ಅವರಿಗೆ ಒಪ್ಪಿಸುವಂತಿಲ್ಲ. ಸದ್ಯಕ್ಕೆ ಮಾರ್ಚ್‌ನಿಂದ ಜೂನ್‌ವರೆಗೆ ಯಾರಾದರೊಬ್ಬರು ಮನೆಯಲ್ಲಿ ಉಳಿಯುತ್ತಾರೆ. ಉಳಿದ ತಿಂಗಳಲ್ಲಿ ಎರಡು ದಿನದ ಮಟ್ಟಿಗೆ ಹೋಗುವಾಗ ಬೆಕ್ಕಿನ ಊಟ, ನೀರು, ಲಿಟರ್ ಎಲ್ಲ ಕೆಳಗೆ ಇಟ್ಟು, ಕೆಳಮನೆಯ ಬೀಗದ ಕೈ ಮಾತ್ರ ಪಕ್ಕದವರಿಗೆ ಕೊಡುತ್ತಾರೆ. ಜಾಲರಿ ಬಾಗಿಲಿನ ಕೈಯನ್ನು ಚಿಂಚಿಲಾ ನೋಡಿಕೊಳ್ಳಲು ಒಪ್ಪಿದ ಮಗಳ ಗೆಳತಿಗೆ. ಇಬ್ಬರೂ ಬರುವ ಹೊತ್ತು ಬೇರೆ ಬೇರೆ.